ಮೂರು ಸೆಕೆಂಡಿಗೊಂದು ಕಣ್ಣು

ಬೆಂಗಳೂರಿನ ಅತ್ತಿಗುಪ್ಪೆಯಿಂದ ಮೈಸೂರಿಗೆ ಕಾರು ಓಡಿಸಿಕೊಂಡು ಹೋಗುವವರು ದಾರಿಯ ಹತ್ತು ಕಿಲೋಮೀಟರನ್ನು ಕಣ್ಣು ಮುಚ್ಚಿಕೊಂಡೇ ಓಡಿಸುತ್ತಾರೆ! ನಂಬುವುದು ಕಷ್ಟ, ಲೆಕ್ಕ ಮಾತ್ರ ಸರಳ. ಮನುಷ್ಯ ನಿಮಿಷಕ್ಕೆ ಸುಮಾರು 15 ಸಲ ರೆಪ್ಪೆ ಬಡಿಯುತ್ತಾನೆ. ಒಂದು ಬಡಿತಕ್ಕೆ ಹೆಚ್ಚುಕಡಿಮೆ 0.3 ಸೆಕೆಂಡು. ಹಾಗಾದರೆ ಪ್ರತಿ ನಿಮಿಷದಲ್ಲಿ ನಾಲ್ಕೂವರೆ ಸೆಕೆಂಡು ಕತ್ತಲು, ಪ್ರತಿ ಗಂಟೆಯಲ್ಲಿ ನಾಲ್ಕೂವರೆ ನಿಮಿಷ ಕತ್ತಲು, ಪ್ರತಿ ನೂರು ಕಿಲೋಮೀಟರಿನಲ್ಲಿ ಏಳೂವರೆ ಕಿಲೋಮೀಟರ್ ಕತ್ತಲು. ಮೈಸೂರು ಮುಟ್ಟುವಷ್ಟರಲ್ಲಿ, ಅತ್ತಿಗುಪ್ಪೆಯಿಂದ ಕೆಂಗೇರಿ ದಾಟುವಷ್ಟು ರಸ್ತೆಯನ್ನು ಚಾಲಕ ನೋಡಿಯೇ ಇರುವುದಿಲ್ಲ. ಇದು ಚೆನ್ನಾಗಿ ನಿದ್ದೆ ಮಾಡಿ, ಕಾಫಿ ಕುಡಿದು ಹೊರಟ ಆರೋಗ್ಯವಂತರ ಲೆಕ್ಕ.

ತೂಕಡಿಕೆಯ ಲೆಕ್ಕ ಬೇರೆ. ಎಕ್ಸ್‌ಪ್ರೆಸ್‌ವೇಯಲ್ಲಿ ಗಂಟೆಗೆ 100 ಕಿಲೋಮೀಟರ್ ಎಂದರೆ ಸೆಕೆಂಡಿಗೆ ಸುಮಾರು 28 ಮೀಟರ್. ರೆಪ್ಪೆ ಮೂರು ಸೆಕೆಂಡು ಅಂಟಿಕೊಂಡರೆ ಕಾರು 83 ಮೀಟರ್ ಓಡಿರುತ್ತದೆ. ಒಂದರ ಹಿಂದೊಂದು ನಿಲ್ಲಿಸಿದ ಏಳು ಬಿಎಂಟಿಸಿ ಬಸ್ಸುಗಳಷ್ಟು ಉದ್ದ. ಐದು ಸೆಕೆಂಡು ಅಂಟಿಕೊಂಡರೆ 139 ಮೀಟರ್. ಅತ್ತಿಗುಪ್ಪೆ ನಿಲ್ದಾಣಕ್ಕೆ ಬಂದು ನಿಲ್ಲುವ ನೇರಳೆ ಮಾರ್ಗದ ಆರು ಬೋಗಿಗಳ ಇಡೀ ರೈಲಿಗಿಂತ ಹೆಚ್ಚು! ಒಂದು ಜೋಂಪಿನಲ್ಲಿ ಒಂದು ಮೆಟ್ರೊ ರೈಲು ದಾಟಿದಂತೆ.

ಇಂಥ ಜೋಂಪು, ಇಂಥ ಗಮನ ತಪ್ಪುವಿಕೆ, ಇವಕ್ಕೆ ಅತಿವೇಗ, ಕುಡಿತ, ಕೆಟ್ಟ ರಸ್ತೆ ಎಲ್ಲವನ್ನೂ ಕೂಡಿಸಿದರೆ 2022ರಲ್ಲಿ ದೇಶದಲ್ಲಾದ ಅಪಘಾತಗಳು 4,61,312. ಸತ್ತವರು 1,68,491. ದಿನಕ್ಕೆ 461 ಮಂದಿ, ಗಂಟೆಗೆ 19 ಮಂದಿ. ಪ್ರಯಾಣಿಕರು ತುಂಬಿದ ಜಂಬೊ ವಿಮಾನವೊಂದು ವರ್ಷದ 365 ದಿನವೂ ತಪ್ಪದೆ ಬೀಳುತ್ತಿದ್ದರೆ ದೇಶ ಹೇಗಿರುತ್ತಿತ್ತು? ರಸ್ತೆಯ ಮೇಲೆ ಅದಕ್ಕಿಂತ ಹೆಚ್ಚು ಜನ ಸಾಯುತ್ತಿದ್ದಾರೆ, ನಾವು ಸಂಜೆ ಮನೆಗೆ ಹೋಗಿ ಊಟ ಮಾಡಿ ಮಲಗುತ್ತೇವೆ. ಕರ್ನಾಟಕವೊಂದರಲ್ಲೇ ಆ ವರ್ಷ 11,702 ಸಾವು. 40 ಸೀಟಿನ ಬಸ್ಸುಗಳಲ್ಲಿ ಅವರನ್ನೆಲ್ಲ ಕೂರಿಸಬೇಕಾದರೆ 293 ಬಸ್ಸು ಬೇಕು. ಸಾಲು ನಿಲ್ಲಿಸಿದರೆ ಮೂರೂವರೆ ಕಿಲೋಮೀಟರ್.

ಆದ್ದರಿಂದ ಚಾಲಕನ ಮೇಲೆ ಕಣ್ಣಿಡುವ ಕ್ಯಾಮೆರಾವನ್ನು ಬೇಡವೆನ್ನಲು ನನಗೆ ಬಾಯಿ ಬರುವುದಿಲ್ಲ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯಲ್ಲಿ 2023ರಲ್ಲಿ 188 ಮಂದಿ ಸತ್ತಿದ್ದರು. ವೇಗ ಹಿಡಿಯುವ ಕ್ಯಾಮೆರಾಗಳು ಬಂದವು, ಬೈಕು, ಆಟೊಗಳಿಗೆ ಪ್ರವೇಶ ನಿಂತಿತು, ದಂಡ ಬಿಗಿಯಾಯಿತು. ಪೊಲೀಸರ ಲೆಕ್ಕದಲ್ಲಿ 2024ರ ಸಾವು 50. ಒಂದೇ ವರ್ಷದಲ್ಲಿ 138 ಮನೆಗಳ ದೀಪ ಉಳಿಯಿತು. ಯಂತ್ರದ ಕಣ್ಣು ಮಾಡಬಲ್ಲ ಕೆಲಸ ಸಣ್ಣದಲ್ಲ.

ಆ ಕಣ್ಣು ಈಗ ರಸ್ತೆ ಬಿಟ್ಟು ಕಾರಿನ ಒಳಗೆ ಬಂದಿದೆ.

ಅತ್ತಿಗುಪ್ಪೆಯಲ್ಲಿ ಮೆಟ್ರೊ ಕಂಬದ ಪಕ್ಕ ನಿಂತಿದ್ದ ಡೆಲಿವರಿ ವ್ಯಾನೊಂದರಲ್ಲಿ ಅದನ್ನು ಹತ್ತಿರದಿಂದ ನೋಡಿದೆ. ಮುಂದಿನ ಗಾಜಿಗೆ ಅಂಟಿಸಿದ ಅಂಗೈಯಗಲದ ಕಪ್ಪು ಪೆಟ್ಟಿಗೆ. ಒಂದು ಮಸೂರ ರಸ್ತೆಯ ಕಡೆಗೆ, ಇನ್ನೊಂದು ನೇರ ಚಾಲಕನ ಮುಖಕ್ಕೆ. ಮುಖದ ಕಡೆಯ ಮಸೂರದ ಎರಡೂ ಬದಿಗೆ ಸಾಸಿವೆಯಷ್ಟು ಸಣ್ಣ ಬಲ್ಬುಗಳು. ರಾತ್ರಿ ನಮ್ಮ ಕಣ್ಣಿಗೆ ಕಾಣದ ಬೆಳಕು ಚೆಲ್ಲಿ ಕತ್ತಲಲ್ಲೂ ರೆಪ್ಪೆ ಎಣಿಸುವುದಕ್ಕೆ. ಚಾಲಕ ಡಬ್ಬಿ ಬಿಚ್ಚಿ ಚಿತ್ರಾನ್ನ ತಿನ್ನುತ್ತಿದ್ದರು. ಇದೇನಣ್ಣ ಎಂದು ಕೇಳಿದೆ. "ಆಕಳಿಸಿದ್ರೂ ಕೂಗುತ್ತೆ ಸರ್, ಫೋನ್ ಮುಟ್ಟಿದ್ರೂ ಕೂಗುತ್ತೆ. ಅದು ಒಳ್ಳೇದೇ, ಎರಡು ಸಲ ನನ್ನ ಎಬ್ಬಿಸಿದೆ. ಆದ್ರೆ ನಾನು ಊಟ ಮಾಡೋದೂ ಆಫೀಸಲ್ಲಿ ಕಾಣ್ಸುತ್ತಾ, ಎಷ್ಟ್ ದಿನ ಇಟ್ಕೊಳ್ತಾರೆ ಅಂತ ಕೇಳ್ದೆ. ಯಾರೂ ಹೇಳ್ಲಿಲ್ಲ."

ಆ ಪೆಟ್ಟಿಗೆಯ ಲೆಕ್ಕ ಹಾಕಿ ನೋಡೋಣ. ಇಂಥ ಕ್ಯಾಮೆರಾ ಸಾಮಾನ್ಯವಾಗಿ ಸೆಕೆಂಡಿಗೆ 30 ಚಿತ್ರ ಹಿಡಿಯುತ್ತದೆ. ಗಂಟೆಗೆ 1,08,000. ಎಂಟು ಗಂಟೆಯ ಒಂದು ಪಾಳಿಗೆ 8,64,000. ಒಬ್ಬ ಚಾಲಕನ ಒಂದೇ ಪಾಳಿಯ ಮುಖಗಳನ್ನು ಪಾಸ್‌ಪೋರ್ಟ್ ಅಳತೆಯ ಫೋಟೊಗಳಾಗಿ ಅಚ್ಚು ಹಾಕಿಸಿ, ಅಂಚಿಗೆ ಅಂಚು ತಾಗಿಸಿ ಮೈಸೂರು ರಸ್ತೆಯುದ್ದಕ್ಕೂ ಅಂಟಿಸುತ್ತ ಹೋದರೆ 30 ಕಿಲೋಮೀಟರ್. ಅತ್ತಿಗುಪ್ಪೆಯಲ್ಲಿ ಶುರುವಾದ ಸಾಲು ಬಿಡದಿಗೆ ಹೋಗಿ ಮುಟ್ಟುತ್ತದೆ! ತಿಂಗಳಿಗೆ 25 ಪಾಳಿ ಎಂದರೆ 756 ಕಿಲೋಮೀಟರ್. ಉತ್ತರಕ್ಕೆ ತಿರುಗಿಸಿದರೆ ಸಾಲು ಕಲಬುರಗಿ ದಾಟಿ, ಬೀದರ್ ದಾಟಿ, ರಾಜ್ಯದ ಗಡಿಯನ್ನೇ ದಾಟುತ್ತದೆ. ವರ್ಷಕ್ಕೆ 300 ಪಾಳಿ ಎಂದರೆ 9,072 ಕಿಲೋಮೀಟರ್. ಬೆಂಗಳೂರಿನಿಂದ ಲಂಡನ್ನಿಗೆ ವಿಮಾನ ಹಾರುವ ದೂರವೇ ಸುಮಾರು 8,000. ಮೂವತ್ತು ವರ್ಷದ ಸರ್ವಿಸು ಮುಗಿಸಿ ನಿವೃತ್ತರಾಗುವ ಹೊತ್ತಿಗೆ ಒಬ್ಬರದೇ 777 ಕೋಟಿ ಮುಖಗಳು, 2,72,000 ಕಿಲೋಮೀಟರ್ ಸಾಲು. ಚಂದ್ರನ ದಾರಿಯಲ್ಲಿ ಮುಕ್ಕಾಲು ಪಾಲಿಗೆ ಹತ್ತಿರ! ಒಬ್ಬ ಮನುಷ್ಯ, ಒಂದು ಸೀಟು, ಒಂದು ಸ್ಟೀರಿಂಗು.

ಈಗ ಒಬ್ಬರಿಂದ ಊರಿಗೆ ಬನ್ನಿ. ಬಿಎಂಟಿಸಿಯಲ್ಲಿ 6,500ಕ್ಕೂ ಹೆಚ್ಚು ಬಸ್ಸುಗಳಿವೆ. ದಿನಕ್ಕೆ ಅವೆಲ್ಲ ಸೇರಿ ಓಡುವುದು 10 ಲಕ್ಷ ಕಿಲೋಮೀಟರಿಗೂ ಹೆಚ್ಚು, ಅಂದರೆ ಭೂಮಿಗೆ ದಿನಕ್ಕೆ 25 ಸುತ್ತು. ಚಂದ್ರನಿಗೆ ಹೋಗಿ ಬಂದು, ಇನ್ನೂ ಎರಡು ಲಕ್ಷ ಕಿಲೋಮೀಟರ್ ಕೈಯಲ್ಲಿ ಉಳಿಯುತ್ತದೆ. ನಾಳೆಯೂ ಹೋಗಬೇಕು, ನಾಡಿದ್ದೂ ಹೋಗಬೇಕು. ಇಷ್ಟೂ ಬಸ್ಸುಗಳಿಗೆ ಚಾಲಕನ ಮುಖ ನೋಡುವ ಕ್ಯಾಮೆರಾ ಇಟ್ಟರೆಂದು ಊಹಿಸಿಕೊಳ್ಳಿ, ಬಸ್ಸು ದಿನಕ್ಕೆ 12 ಗಂಟೆ ರಸ್ತೆಯ ಮೇಲಿತ್ತು ಎನ್ನಿ. ಒಂದು ದಿನದ ಚಿತ್ರಗಳು 842 ಕೋಟಿ! ಜಗತ್ತಿನ ಜನಸಂಖ್ಯೆಯೇ ಸುಮಾರು 820 ಕೋಟಿ. ಭೂಮಿಯ ಮೇಲಿನ ಹಸುಗೂಸಿನಿಂದ ಹಣ್ಣುಮುದುಕರ ತನಕ ಒಬ್ಬೊಬ್ಬರಿಗೂ ಒಂದೊಂದು ಚಿತ್ರ ಹಂಚಿದರೂ 22 ಕೋಟಿ ಮಿಗುತ್ತದೆ, ಅದೂ ಒಂದು ಊರಿನ ಬಸ್ಸುಗಳಿಂದ, ಒಂದೇ ದಿನದಲ್ಲಿ.

ಊಹೆ ಎಂದು ಪಕ್ಕಕ್ಕಿಡುವ ಹಾಗಿಲ್ಲ. ನಿರ್ಭಯಾ ಯೋಜನೆಯಡಿ ಬಿಎಂಟಿಸಿಯ 5,000 ಬಸ್ಸುಗಳಿಗೆ 10,000 ಕ್ಯಾಮೆರಾಗಳು ಬಂದಿವೆ. ಅವು ಪ್ರಯಾಣಿಕರ ಸುರಕ್ಷತೆಗೆಂದು ಬಂದವು. ಚಾಲಕನ ತೂಕಡಿಕೆ ಹಿಡಿಯುವ ಸಾಧನಗಳ ಪ್ರಯೋಗವೂ ನಮ್ಮ ಸಾರಿಗೆ ನಿಗಮಗಳಲ್ಲಿ ನಡೆದಿದೆ. ಕೇಂದ್ರದ ಪಿಎಂ ಇ-ಡ್ರೈವ್ ಯೋಜನೆಯಲ್ಲಿ ಬೆಂಗಳೂರಿಗೆ ಹಂಚಿಕೆಯಾದ ಹೊಸ ವಿದ್ಯುತ್ ಬಸ್ಸುಗಳು 4,500. ಎಂಟಕ್ಕಿಂತ ಹೆಚ್ಚು ಪ್ರಯಾಣಿಕರನ್ನು ಒಯ್ಯುವ ವಾಹನಗಳಿಗೂ ಭಾರಿ ಸರಕು ವಾಹನಗಳಿಗೂ ಚಾಲಕನ ತೂಕಡಿಕೆ ಎಚ್ಚರಿಕೆ ವ್ಯವಸ್ಥೆ ಕಡ್ಡಾಯ ಮಾಡುವ ಕರಡನ್ನು ಕೇಂದ್ರ ಸಾರಿಗೆ ಸಚಿವಾಲಯ 2025ರ ಮಾರ್ಚ್‌ನಲ್ಲಿ ಹೊರಡಿಸಿತು. ಬಸ್ಸೂ ಲಾರಿಯೂ ಈ ದಾರಿಗೆ ಬರುವುದು ಖಚಿತ, ದಿನಾಂಕ ಹಿಂದುಮುಂದಾಗಬಹುದು ಅಷ್ಟೆ.

ಕಾರುಗಳ ಮಾತಂತೂ ಕೇಳಲೇಬೇಡಿ. ಬೆಂಗಳೂರಿನಲ್ಲಿ ನೋಂದಾಯಿತ ವಾಹನಗಳು ಒಂದು ಕೋಟಿ ದಾಟಿ ಬಹಳ ದಿನವಾಯಿತು. ಅದರಲ್ಲಿ ಕಾರುಗಳೇ 20 ಲಕ್ಷಕ್ಕೂ ಹೆಚ್ಚು. ಬಂಪರಿಗೆ ಬಂಪರು ತಾಗಿಸಿ ನಿಲ್ಲಿಸಿದರೆ ಇವೂ ಲಂಡನ್ ಮುಟ್ಟುತ್ತವೆ. ಬಹುಪಾಲು ಹಳೆಯ ಕಾರುಗಳಿಗೆ ಒಳಗಣ್ಣು ಇಲ್ಲ. ಹೊಸವಕ್ಕೆ ಬರುತ್ತಿದೆ. 2024ರ ನವೆಂಬರಿನಲ್ಲಿ ಮಹೀಂದ್ರ ಕಂಪನಿ ಹೊರತಂದ ಎರಡು ವಿದ್ಯುತ್ ಕಾರುಗಳ ಮೇಲ್ದರ್ಜೆ ಮಾದರಿಯಲ್ಲಿ ಚಾಲಕನನ್ನು ನೋಡುವ ಕ್ಯಾಮೆರಾ ಇದೆ. 2025ರ ಫೆಬ್ರವರಿ 14ರಂದು ಬುಕಿಂಗ್ ತೆರೆದ ಮೊದಲ ದಿನವೇ ಬಂದ ಬೇಡಿಕೆ 30,179 ಕಾರು, 8,472 ಕೋಟಿ ರೂಪಾಯಿ! ದಿನದ 86,400 ಸೆಕೆಂಡುಗಳಿಗೆ ಹಂಚಿದರೆ ಮೂರು ಸೆಕೆಂಡಿಗೊಂದು ಕಾರು, ಬಹುಪಾಲು ಮೇಲ್ದರ್ಜೆಯವೇ.

ಯುರೋಪಿನಲ್ಲೂ ಅದೇ ಮೂರು ಸೆಕೆಂಡು. ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2024ರಲ್ಲಿ ನೋಂದಣಿಯಾದ ಹೊಸ ಕಾರುಗಳು ಸುಮಾರು 1 ಕೋಟಿ 6 ಲಕ್ಷ. ಚಾಲಕನ ಗಮನ ಬೇರೆಡೆ ಹೋದರೆ ಎಚ್ಚರಿಸುವ ವ್ಯವಸ್ಥೆ ಅಲ್ಲಿ ಹೊಸ ಮಾದರಿಗಳಿಗೆ 2024ರ ಜುಲೈ 7ರಿಂದ ಕಡ್ಡಾಯವಾಯಿತು. ಮಾರಾಟವಾಗುವ ಎಲ್ಲ ಹೊಸ ಕಾರುಗಳಿಗೆ ಗಡುವು 2026ರ ಜುಲೈ 7. ಇದನ್ನು ಕ್ಯಾಮೆರಾ ಇಲ್ಲದೆ ಮಾಡುವುದು ಕಷ್ಟ. ಆ ಗಡುವಿನ ಬಳಿಕ ಹಗಲು, ರಾತ್ರಿ, ಹಬ್ಬ, ಭಾನುವಾರ ಯಾವುದನ್ನೂ ಬಿಡದೆ ಮೂರು ಸೆಕೆಂಡಿಗೊಂದರಂತೆ ಹೊಸ ಕಣ್ಣು ರಸ್ತೆಗಿಳಿಯುತ್ತದೆ. ನೀವು ಈ ಪ್ಯಾರಾ ಓದುವಷ್ಟು ಹೊತ್ತಿಗೆ ಹತ್ತು.

ಇವೆಲ್ಲ ಎಷ್ಟು ನೋಡುತ್ತವೆ? ನಮ್ಮ ಊರಿನ ಉದಾಹರಣೆಯೇ ಇದೆ. ಅಮೆರಿಕದ ಸ್ಯಾನ್ ಡಿಯೇಗೊ ಮತ್ತು ಬೆಂಗಳೂರಿನಲ್ಲಿ ಕಚೇರಿಗಳಿರುವ ನೆಟ್ರಾಡೈನ್ ಕಂಪನಿ ಶುರುವಾದದ್ದು 2015ರಲ್ಲಿ. ಲಾರಿ, ಡೆಲಿವರಿ ವ್ಯಾನುಗಳಿಗೆ ಚಾಲಕನನ್ನೂ ರಸ್ತೆಯನ್ನೂ ನೋಡುವ ಕ್ಯಾಮೆರಾ ಮಾಡುತ್ತದೆ. ಅಮೆರಿಕದಲ್ಲಿ ಅಮೆಜಾನಿನ ವ್ಯಾನುಗಳಲ್ಲಿ 2021ರಿಂದ ಇರುವುದು ಇದೇ. ತನ್ನ ಕ್ಯಾಮೆರಾಗಳು ವಿಶ್ಲೇಷಿಸಿದ ಓಟ ಸಾವಿರ ಕೋಟಿ ಮೈಲಿಯನ್ನೂ ಮೀರಿದೆ ಎಂದು ಕಂಪನಿ ಹೇಳಿಕೊಳ್ಳುತ್ತದೆ. ಸಾವಿರ ಕೋಟಿ ಮೈಲಿ ಎಂದರೆ 1,600 ಕೋಟಿ ಕಿಲೋಮೀಟರ್. ಸೂರ್ಯನ ದೂರ 15 ಕೋಟಿ. ಇದು ಅದರ ನೂರು ಪಟ್ಟು. ಸೌರಮಂಡಲದ ಕಟ್ಟಕಡೆಯ ಗ್ರಹ ನೆಪ್ಚೂನ್ ಸುಮಾರು 450 ಕೋಟಿ ಕಿಲೋಮೀಟರ್ ದೂರದಲ್ಲಿದೆ. ಅಲ್ಲಿಗೆ ಹೋಗಿ, ತಿರುಗಿ ಬಂದು, ಮತ್ತೊಮ್ಮೆ ಹೋದರೂ ಲೆಕ್ಕ ಮುಗಿಯುವುದಿಲ್ಲ! ವಾಯೇಜರ್-2 ನೌಕೆಗೆ ನೆಪ್ಚೂನ್ ಒಂದು ಸಲ ಮುಟ್ಟಲು 12 ವರ್ಷ ಹಿಡಿದಿತ್ತು.

ಇಲ್ಲಿಯ ತನಕ ಹೇಳಿದ್ದೆಲ್ಲ ನೋಟದ ಲೆಕ್ಕ. ನ್ಯಾಯವಾಗಿ ಹೇಳಬೇಕೆಂದರೆ, ನೋಡಿದ ಎಲ್ಲವನ್ನೂ ಯಂತ್ರ ಇಟ್ಟುಕೊಳ್ಳುವುದಿಲ್ಲ. ಬಿಡದಿ ತನಕ ಹೋದ ಆ ಫೋಟೊ ಸಾಲಿನಲ್ಲಿ ಹೆಚ್ಚಿನವು ಹುಟ್ಟಿದ ಕ್ಷಣವೇ ಅಳಿಯುತ್ತವೆ. ಕಣ್ಣು ತೆರೆದಿದೆಯೇ, ಸರಿ, ಮುಂದೆ. ತೆರೆದಿದೆಯೇ, ಸರಿ, ಮುಂದೆ. ನನ್ನ ಚಿಂತೆಯೆಲ್ಲ ಅಳಿಯದೆ ಉಳಿಯುವ ಆ ಕೆಲವು ಸೆಕೆಂಡುಗಳ ಬಗ್ಗೆ.

2024ರ ನವೆಂಬರ್ 6. ನೆಲಮಂಗಲದಿಂದ ದಾಸನಪುರದ ಕಡೆಗೆ ಹೊರಟಿದ್ದ ಬಿಎಂಟಿಸಿ ಬಸ್ಸಿನ ಚಾಲಕ ಹೃದಯಾಘಾತವಾಗಿ ಸ್ಟೀರಿಂಗಿನ ಮುಂದೆಯೇ ಕುಸಿದರು. ಕಂಡಕ್ಟರ್ ಹಾರಿ ಬಂದು ಬಸ್ಸು ನಿಲ್ಲಿಸಿ ಪ್ರಯಾಣಿಕರ ಜೀವ ಉಳಿಸಿದರು. ಅವರಿಗೆ ಎಷ್ಟು ಕೈ ಮುಗಿದರೂ ಸಾಲದು. ಬಸ್ಸಿನೊಳಗಿನ ಕ್ಯಾಮೆರಾ ಎಲ್ಲವನ್ನೂ ಕಂಡಿತು. ಮುಂದೆ ಆ ದೃಶ್ಯ ಮೊಬೈಲಿನಿಂದ ಮೊಬೈಲಿಗೆ, ಟಿವಿಯಿಂದ ಟಿವಿಗೆ ಹಾರಿ ದೇಶ ದಾಟಿ ಹೋಯಿತು. ಕೆಲವೇ ಸೆಕೆಂಡುಗಳ ತುಣುಕು, ಲಕ್ಷಾಂತರ ಕಣ್ಣುಗಳು! ಕಂಡಕ್ಟರ್ ಸಾಹಸ ಲೋಕಕ್ಕೆ ತಿಳಿಯಬೇಕಿತ್ತು, ನಿಜ. ಅದನ್ನು ತಿಳಿಸಲು ಒಬ್ಬ ಮನುಷ್ಯನ ಕೊನೆಯ ಉಸಿರನ್ನು ಅವರ ಮನೆಯವರ ಫೋನಿಗೂ ಬರುವಂತೆ ಹಂಚಬೇಕಿರಲಿಲ್ಲ. ಜೀವ ಉಳಿಸಲೆಂದು ಇಟ್ಟ ಕಣ್ಣಿನಿಂದ ಹೊರಬಿದ್ದ ಚಿತ್ರಕ್ಕೆ ಮತ್ತೆ ಬಾಗಿಲು ಹಾಕಲು ಯಾರಿಂದಲೂ ಆಗಲಿಲ್ಲ.

ಮುಖ ಬೇಡ, ಬರೀ ಓಡಾಟದ ದಾಖಲೆ ನೋಡಿ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಾರುಗಳು ಕೆಲವೊಮ್ಮೆ ಮೂರು ಸೆಕೆಂಡಿಗೊಂದು ಸಲ (ಮತ್ತೆ ಅದೇ ಮೂರು!) ಎಲ್ಲಿವೆ, ಹೇಗೆ ಓಡುತ್ತಿವೆ ಎಂದು ದಾಖಲಿಸುತ್ತಿದ್ದವು ಎಂದು ಅಲ್ಲಿನ ಫೆಡರಲ್ ಟ್ರೇಡ್ ಕಮಿಷನ್ 2025ರ ಜನವರಿಯಲ್ಲಿ ಹೇಳಿತು. ದಿನಕ್ಕೆ ಒಂದು ಗಂಟೆ ಓಡಿಸುವವರದು ವರ್ಷಕ್ಕೆ 4,38,000 ದಾಖಲೆ. ಅದು ವಿಮೆ ಕಂಪನಿಗಳಿಗೆ ವರದಿ ಮಾರುವವರ ಕೈಗೂ ಹೋಗಿತ್ತು. ವಿಮೆ ಕಂತು ಯಾಕೆ ಏರಿತೆಂದು ಹುಡುಕಿ ಹೊರಟ ಗ್ರಾಹಕರೊಬ್ಬರಿಗೆ ತಮ್ಮ ಬಗ್ಗೆಯೇ ಸಿಕ್ಕ ವರದಿ 258 ಪುಟ! ಅದರಲ್ಲಿ ಆರು ತಿಂಗಳ 640 ಓಡಾಟ: ಹೊರಟ ಹೊತ್ತು, ಮುಟ್ಟಿದ ಹೊತ್ತು, ದೂರ, ಗಕ್ಕನೆ ಹಾಕಿದ ಬ್ರೇಕು. ವಿಳಾಸವೊಂದು ಬಿಟ್ಟು ಎಲ್ಲ.

258 ಪುಟ ಎಂದರೆ ಎಷ್ಟೆಂದು ತಿಳಿಯಲು ನಮ್ಮ ನಾಡಿನ ಒಬ್ಬ ಹಿರಿಯರನ್ನು ನೆನೆಯಬೇಕು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಹೋದಾಗ ಅವರಿಗೆ 86 ವರ್ಷ. ಬೇರೆಯವರು ಊರುಗೋಲು ಹುಡುಕುವ ವಯಸ್ಸಿನಲ್ಲಿ ಅವರು ಸಂವಿಧಾನ ತೆರೆದು ಕೂತರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದಿತು. ಒಂಬತ್ತು ಮಂದಿ ಸೇರಿ ಬರೆದ ತೀರ್ಪು 547 ಪುಟ. ನೂರಮೂವತ್ತು ಕೋಟಿಗೂ ಹೆಚ್ಚು ಜನರ ಹಕ್ಕಿಗೆ 547 ಪುಟ ಸಾಕಾಯಿತು. ಒಬ್ಬ ಗ್ರಾಹಕರ ಬಗೆಗಿನ ವರದಿಗೇ 258 ಪುಟ ಬೇಕಾಯಿತು!  ಪುಟ್ಟಸ್ವಾಮಿಯವರು 2024ರ ಅಕ್ಟೋಬರಿನಲ್ಲಿ, 98ನೇ ವಯಸ್ಸಿನಲ್ಲಿ ತೀರಿಕೊಂಡರು. ಬೆಂಗಳೂರು ಅವರನ್ನು ಇನ್ನೂ ಹೆಚ್ಚು ನೆನೆಯಬೇಕು.

ಹೀಗೆ ಕೂಡಿಟ್ಟದ್ದು ಸೋರಿದರೆ? 2023ರ ಮೇನಲ್ಲಿ ಟೊಯೋಟಾ ಕಂಪನಿ ತಾನೇ ಒಪ್ಪಿಕೊಂಡಿತು: ಜಪಾನಿನ 21.5 ಲಕ್ಷ ಗ್ರಾಹಕರ ಕಾರುಗಳ ಮಾಹಿತಿ ಸುಮಾರು ಹತ್ತು ವರ್ಷ ಬೀಗವಿಲ್ಲದೆ ಬಿದ್ದಿತ್ತು. ಎರಡು ಮೈಸೂರು ನಗರಗಳಷ್ಟು ಜನ, ಒಂದು ದಶಕ! 2024ರ ಡಿಸೆಂಬರಿನಲ್ಲಿ ಫೋಕ್ಸ್‌ವ್ಯಾಗನ್ ಗುಂಪಿನ 8 ಲಕ್ಷ ವಿದ್ಯುತ್ ಕಾರುಗಳ ಸರದಿ, ಅದರಲ್ಲಿ 4.6 ಲಕ್ಷ ಕಾರುಗಳು ನಿಂತ ಜಾಗವೂ ಗೊತ್ತಾಗುತ್ತಿತ್ತು, ಹಲವಕ್ಕೆ 10 ಸೆಂಟಿಮೀಟರ್ ನಿಖರತೆಯಲ್ಲಿ. ಕಾರು ಯಾರ ಮನೆಯ ಮುಂದೆ ನಿಂತಿತ್ತು ಎಂದಷ್ಟೇ ಅಲ್ಲ, ಗೇಟಿನ ಯಾವ ಪಕ್ಕಕ್ಕೆ ನಿಂತಿತ್ತು ಎಂದೂ ಹೇಳಬಹುದಿತ್ತು. ಟೆಸ್ಲಾ ಕಾರುಗಳ ಕ್ಯಾಮೆರಾ ಹಿಡಿದ ಗ್ರಾಹಕರ ಖಾಸಗಿ ದೃಶ್ಯಗಳನ್ನು 2019ರಿಂದ 2022ರ ನಡುವೆ ಸಿಬ್ಬಂದಿ ತಮ್ಮತಮ್ಮಲ್ಲಿ ಹಂಚಿಕೊಳ್ಳುತ್ತಿದ್ದರೆಂದು ರಾಯಿಟರ್ಸ್ ವರದಿ ಮಾಡಿತು. ಮೊಜಿಲ್ಲಾ ಪ್ರತಿಷ್ಠಾನ 2023ರಲ್ಲಿ 25 ಕಾರು ಬ್ರ್ಯಾಂಡುಗಳ ಖಾಸಗಿತನದ ಷರತ್ತುಗಳನ್ನು 600 ಗಂಟೆ ಕೂತು ಪರಿಶೀಲಿಸಿತು. ಬ್ರ್ಯಾಂಡಿಗೆ 24 ಗಂಟೆ. ಒಂದು ಹಗಲು, ಒಂದು ರಾತ್ರಿ. ಫಲಿತಾಂಶ? 25ಕ್ಕೆ 25 ನಪಾಸು! ಮಾಹಿತಿ ಹಂಚುವವರು ಅಥವಾ ಮಾರುವವರು ಶೇಕಡ 84.

ದೇಹದ ಗುರುತಿಗೆ ಬೆಲೆ ಕಟ್ಟಿದ ಊರೂ ಇದೆ. ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ರೈಲ್ವೆ ಯಾರ್ಡಿಗೆ ಬರುವ ಲಾರಿ ಚಾಲಕರ ಬೆರಳಚ್ಚನ್ನು ಸರಿಯಾದ ಒಪ್ಪಿಗೆಯಿಲ್ಲದೆ ತೆಗೆದುಕೊಂಡದ್ದಕ್ಕೆ 2022ರಲ್ಲಿ ಬಿಎನ್‌ಎಸ್‌ಎಫ್ ರೈಲ್ವೆ ವಿರುದ್ಧ ಬಂದ ತೀರ್ಪು 22.8 ಕೋಟಿ ಡಾಲರ್. 45,600 ಚಾಲಕರು, ತಲೆಗೆ 5,000 ಡಾಲರ್, ನಮ್ಮ ಲೆಕ್ಕದಲ್ಲಿ ನಾಲ್ಕು ಲಕ್ಷ ರೂಪಾಯಿಗೂ ಹೆಚ್ಚು. ಕೊನೆಗೆ ರಾಜಿಯಾದದ್ದು 7.5 ಕೋಟಿ ಡಾಲರಿಗೆ. ಅದೂ ಸಣ್ಣ ಮೊತ್ತವಲ್ಲ. ನಮ್ಮಲ್ಲೂ 2023ರ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯಲ್ಲಿ ದಂಡ 250 ಕೋಟಿ ರೂಪಾಯಿಯ ತನಕ ಇದೆ, 2025ರ ನವೆಂಬರಿನಲ್ಲಿ ನಿಯಮಗಳೂ ಬಂದಿವೆ. ಬೆರಳಿಗೆ ಅಷ್ಟು ಬೆಲೆಯಾದರೆ, ಪಾಳಿಗೆ 8,64,000 ಸಲ ತೆಗೆದ ಮುಖಕ್ಕೆ ಎಷ್ಟು?

ಕೋಟಿ, ಲಕ್ಷ, ನೆಪ್ಚೂನ್, ಚಂದ್ರ ಎಲ್ಲ ಮುಗಿದ ಮೇಲೆ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಬೆರಗುಗೊಳಿಸಿದ ಸಂಖ್ಯೆ ಸೊನ್ನೆ. ಯುರೋಪಿನ 2019ರ ಸುರಕ್ಷತಾ ನಿಯಮ ಕ್ಯಾಮೆರಾ ಕಣ್ಣನ್ನು ತಂದ ಕೈಯಿಂದಲೇ ಅದಕ್ಕೆ ಕಟ್ಟುಪಾಡನ್ನೂ ಹಾಕಿದೆ. ಈ ವ್ಯವಸ್ಥೆ ಸದಾ ದಾಖಲಿಸುತ್ತಿರಬಾರದು, ಕೆಲಸಕ್ಕೆ ಬೇಕಾದದ್ದಕ್ಕಿಂತ ಹೆಚ್ಚು ಇಟ್ಟುಕೊಳ್ಳಬಾರದು, ಮೂರನೆಯವರಿಗೆ ಯಾವ ಹೊತ್ತಿನಲ್ಲೂ ಸಿಗಬಾರದು, ಪರಿಶೀಲಿಸಿದ ತಕ್ಷಣ ಅಳಿಸಬೇಕು. ಕೋಟಿಗಟ್ಟಲೆ ಕಾರು, ಮೂರು ಸೆಕೆಂಡಿಗೊಂದು ಹೊಸ ಕಣ್ಣು, ಉಳಿಸಿಕೊಳ್ಳುವ ದಿನ ಸೊನ್ನೆ! ಚಾಲಕನನ್ನು ಎಬ್ಬಿಸಲು ಅವನ ಮುಖವನ್ನು ತಿಂಗಳುಗಟ್ಟಲೆ ಇಟ್ಟುಕೊಳ್ಳಬೇಕಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ.

ಯುರೋಪಿನ ನಿಯಮದ ಆ ಸಾಲು ನಮ್ಮ ನಿಯಮದಲ್ಲೂ, ಪ್ರತಿ ಬಸ್ಸಿನ ಟೆಂಡರಿನಲ್ಲೂ, ಪ್ರತಿ ಡೆಲಿವರಿ ವ್ಯಾನಿನ ಒಪ್ಪಂದದಲ್ಲೂ ಕನ್ನಡದಲ್ಲಿ ಅಚ್ಚಾಗಬೇಕು. ಹೊಸ ಕಾರು ಕೊಳ್ಳಲು ಮೈಸೂರು ರಸ್ತೆಯ ಶೋರೂಮಿಗೆ ಹೋದಾಗ ಮೈಲೇಜು ಕೇಳುವ ಹಾಗೆಯೇ ಮೂರು ಪ್ರಶ್ನೆ ಕೇಳಿ: ಈ ಕ್ಯಾಮೆರಾದ ಚಿತ್ರ ಕಾರಿನಿಂದ ಹೊರಗೆ ಹೋಗುತ್ತದೆಯೇ, ಎಷ್ಟು ದಿನ ಇರುತ್ತದೆ, ಯಾರು ನೋಡಬಹುದು? ಬಾಯಿಮಾತಿಗೆ ಸುಮ್ಮನಾಗಬೇಡಿ, ಬರಹದಲ್ಲಿ ಪಡೆಯಿರಿ. ನಿಮ್ಮ ಕಂಪನಿಯಲ್ಲಿ ಗಾಡಿ ಓಡಿಸುವವರಿದ್ದರೆ ಅವರ ಪರವಾಗಿಯೂ ಇದೇ ಮೂರನ್ನು ಕೇಳಿ. ವ್ಯಾನಿನ ಆ ಅಣ್ಣನಿಗೆ ಉತ್ತರ ಇನ್ನೂ ಬರಬೇಕಿದೆ.